ಸೈಲೆನ್ಸರ್ ಪೈಪಿಗೆ ಪಟ್ಟಿ ಸುತ್ತುವ ಮುನ್ನ

ಮೇ ತಿಂಗಳ ಮಧ್ಯಾಹ್ನ ಉಡುಪಿಯ ಬನ್ನಂಜೆಯಿಂದ ಹೊರಟ ಹಳೆಯ ಪೆಟ್ರೋಲ್ ಅಂಬಾಸಿಡರ್, ಕಲ್ಸಂಕದ ಟ್ರಾಫಿಕ್ಕಿನಲ್ಲಿ ನಿಂತು, ಇಂದ್ರಾಳಿಯಲ್ಲಿ ಮತ್ತೆ ನಿಂತು, ಮಣಿಪಾಲದ ಏರು ಹತ್ತುವಾಗ ಮುಗ್ಗರಿಸಿದರೆ ಆಶ್ಚರ್ಯವೇನಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಪ್ಲಗ್ಗಿನಲ್ಲಿ ಕಿಡಿಯೂ ಇದೆ. ಆದರೆ ಬಾನೆಟ್ ಒಳಗಿನ ಕಾವಿಗೆ ಪೆಟ್ರೋಲ್ ದಾರಿಯಲ್ಲೇ ಕುದಿದು ಆವಿಯಾಗಿದೆ. ದ್ರವ ತಳ್ಳಲೆಂದು ಮಾಡಿದ ಪಂಪು ಆವಿಯನ್ನು ತಳ್ಳಲಾರದು. ಇದೇ ವೇಪರ್ ಲಾಕ್. ಆಗುಂಬೆ ಘಾಟಿಯ 14 ತಿರುವು ಹತ್ತಿಸುವಾಗ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದುದು ಇದಕ್ಕೇ. ಈಗಲೂ ಅದಕ್ಕಿಂತ ಅಗ್ಗದ ಉಪಾಯ ಇಲ್ಲ.

ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಈಗ ಸಿಗುವ ಸಲಹೆ ಬೇರೆ: ಸೈಲೆನ್ಸರ್ ಪೈಪಿಗೆ ಹೀಟ್ ರ‍್ಯಾಪ್ ಸುತ್ತಿಸಿ. ನೋಡಲು ರೇಸ್ ಕಾರಿನಂತೆ ಚೆಂದ ಕಾಣುತ್ತದೆ. ಸುತ್ತಬಹುದೇ ಎಂದರೆ, ಕರಾವಳಿಯಲ್ಲಿ ನನ್ನ ಉತ್ತರ ಹೀಗೆ: ಎಲ್ಲಿ ಕಾವು ಕಾಡುತ್ತದೋ ಅಷ್ಟು ಉದ್ದಕ್ಕೆ ಮಾತ್ರ, ಅದೂ ಬಿಚ್ಚಿ ನೋಡುವ ಮನಸ್ಸಿದ್ದರೆ.

ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ‘ಬಿ ಸೀರೀಸ್’ ವಿನ್ಯಾಸದ್ದು. ಅದರಲ್ಲಿ ಪೆಟ್ರೋಲ್ ಒಳಹೋಗುವ ದಾರಿ, ಹೊಗೆ ಹೊರಬರುವ ದಾರಿ ಎರಡೂ ಒಂದೇ ಪಕ್ಕದಲ್ಲಿವೆ. ಕಾರ್ಬುರೇಟರಿನ ಕೆಳಗೇ ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಇಂಗ್ಲೆಂಡಿನ ಚಳಿಗೆ ಅದು ವರ; ಇಲ್ಲಿ ತಲೆನೋವು. ನಿಧಾನಕ್ಕೆ ಹೋಗುವಾಗಲೂ ಹೊಗೆ ಮುನ್ನೂರು–ನಾನೂರು ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಪೂರ್ತಿ ಭಾರ ಹೊತ್ತು ಏರುವಾಗ 700 ದಾಟಬಹುದು. ಎಂಜಿನ್ ಆಫ್ ಮಾಡಿದ ಮೇಲಂತೂ ಫ್ಯಾನಿಲ್ಲ, ನೀರು ತಿರುಗುವುದಿಲ್ಲ. ಕಬ್ಬಿಣದಲ್ಲಿ ಉಳಿದ ಕಾವೆಲ್ಲ ಮೇಲೇರಿ ಕಾರ್ಬುರೇಟರಿಗೆ ತಾಗುತ್ತದೆ. ಹತ್ತು ನಿಮಿಷ ಅಂಗಡಿಗೆ ಹೋಗಿ ಬಂದಾಗ ಗಾಡಿ ಸ್ಟಾರ್ಟ್ ಆಗದಿರುವುದು ಹೀಗೆ. ಈಗ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುವುದು ಇನ್ನೊಂದು ಕಿರಿಕಿರಿ. ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ, ಬೆರೆತಾಗ ಪೆಟ್ರೋಲಿನ ಹಗುರ ಅಂಶಗಳನ್ನೂ ಸುಲಭವಾಗಿ ಆವಿಯಾಗಿಸುತ್ತದೆ. ಹಳೆಯ ರಬ್ಬರ್ ಹೋಸನ್ನು ತಿನ್ನುವುದು ಬೇರೆ.

ರ‍್ಯಾಪ್ ಎಂದರೆ ಗಾಜಿನ ನೂಲಿನ ಅಥವಾ ಬಸಾಲ್ಟ್ ಕಲ್ಲನ್ನು ಕರಗಿಸಿ ತೆಗೆದ ನೂಲಿನ ಪಟ್ಟಿ. ನೂಲುಗಳ ನಡುವೆ ಸಿಕ್ಕಿಕೊಂಡ ಗಾಳಿ ಕಾವನ್ನು ಹೊರಗೆ ಬಿಡುವುದಿಲ್ಲ. ಬಸಾಲ್ಟ್ ಹೆಚ್ಚು ಕಾವು ತಡೆಯುತ್ತದೆ, ಬೆಲೆಯೂ ಹೆಚ್ಚು. ಆದರೆ ಪಟ್ಟಿ ಸುತ್ತಿದ ಮಾತ್ರಕ್ಕೆ ಕಾವು ಮಾಯವಾಗುವುದಿಲ್ಲ. ಬಾನೆಟ್ಟಿನೊಳಗೆ ಬೀಳಬೇಕಾದದ್ದು ಪೈಪಿನ ಲೋಹದಲ್ಲೇ ಉಳಿದು, ಹೊಗೆಯ ಜೊತೆ ಹಿಂದಕ್ಕೆ ಸಾಗುತ್ತದೆ. ಬಿಸಿ ಹೊಗೆ ಬೇಗ ಹರಿದು ಎಂಜಿನ್ನಿಗೆ ಶಕ್ತಿ ಬರುತ್ತದೆ ಎನ್ನುವುದು ರೇಸಿನ ಲೆಕ್ಕ. ಮದುವೆಗೂ ಮಲ್ಪೆ ಬೀಚಿಗೂ ಹೋಗುವ ಅಂಬಾಸಿಡರಿಗೆ ಅದು ಅನ್ವಯಿಸದು.

ಬೆಲೆ ತೆರುವುದು ಲೋಹ. ಸುಮಾರು 570 ಡಿಗ್ರಿ ದಾಟಿದರೆ ಸಾಮಾನ್ಯ ಉಕ್ಕಿನ ಮೇಲೆ ಬೇರೆ ಬಗೆಯ ಆಕ್ಸೈಡ್ ಪದರ ಬೆಳೆದು, ಪೈಪು ಚಕ್ಕೆಚಕ್ಕೆಯಾಗಿ ಸವೆಯುವ ವೇಗ ಹೆಚ್ಚುತ್ತದೆ. ಬರಿಯ ಪೈಪು ಗಾಳಿಗೆ ತಣಿದು ಆ ಮಟ್ಟ ಮುಟ್ಟದೆ ಉಳಿಯುತ್ತಿತ್ತು. ಎರಕದ ಮ್ಯಾನಿಫೋಲ್ಡಿಗೆ ಸುತ್ತಿದರಂತೂ ಅದು ಬಿರುಕು ಬಿಡುವ ಅಪಾಯವಿದೆ. ಹಾಗಾಗಿ ಮ್ಯಾನಿಫೋಲ್ಡಿಗೆ ಸುತ್ತಲೇಬೇಡಿ.

ಇದಿಷ್ಟು ಎಲ್ಲ ಊರಿಗೂ ಒಂದೇ. ಉಡುಪಿಯ ಮಾತು ಬೇರೆಯಾಗುವುದು ಜೂನ್ ಬಂದಮೇಲೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ; ಪಡುವಣಕ್ಕೆ ಕೆಲವೇ ಕಿಲೋಮೀಟರಿನಲ್ಲಿ ಕಡಲು. ಗುಂಡಿಯ ನೀರು ಕೆಳಗಿನಿಂದ ಚಿಮ್ಮಿ ಪಟ್ಟಿಯೊಳಗೆ ಇಳಿದರೆ ಅಲ್ಲೇ ಕೂರುತ್ತದೆ. ದೂರ ಓಡಿಸಿದರೆ ಒಣಗೀತು; ಬನ್ನಂಜೆಯಿಂದ ಸಿಟಿ ಬಸ್‌ಸ್ಟ್ಯಾಂಡಿಗೆ ಹೋಗಿ ಬಂದರೆ ಖಂಡಿತ ಒಣಗದು. ನೀರು ಆರಿದಂತೆ ಉಪ್ಪು ಮಾತ್ರ ಉಳಿಯುತ್ತದೆ, ಪ್ರತಿ ಸಲವೂ ಸ್ವಲ್ಪ ಹೆಚ್ಚು. ಉಪ್ಪಿನ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ. ತುಕ್ಕು ಹಿಡಿದದ್ದು ಪಟ್ಟಿಯ ಅಡಿಯಲ್ಲಿ ಕಾಣುವುದೂ ಇಲ್ಲ. ಪೈಪ್ ತೂತಾಗಿ ಸದ್ದು ಬದಲಾದಾಗಲೇ ತಿಳಿಯುವುದು. ನ್ಯಾಯಕ್ಕೆ ಒಂದು ಮಾತು: ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಹೊಗೆಯಲ್ಲಿ ಬರುತ್ತದೆ. ಪೈಪು ಬೇಗ ಬಿಸಿಯಾದರೆ ಒಳಗಿನ ಆ ಪಸೆ ಬೇಗ ಹೋಗುತ್ತದೆ. ಹೊರಗಿನ ನಷ್ಟಕ್ಕೆ ಅದು ಸಮವಲ್ಲ.

ದೊಡ್ಡ ಕಟ್ಟಡಗಳ ಜನರೇಟರ್ ಹೊಗೆಪೈಪನ್ನು ನೋಡಿ. ರಾಕ್‌ವೂಲ್ ಸುತ್ತಿ ಸುಮ್ಮನೆ ಬಿಡುವುದಿಲ್ಲ, ಅದರ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸುತ್ತಾರೆ, ನೀರು ಇಳಿಯಬಾರದೆಂದು. ಕಾರಿನ ಕೆಳಗೆ ಅಂಥ ಹೊದಿಕೆಗೆ ಜಾಗವಿಲ್ಲ.

ಅದಕ್ಕೇ ಮೊದಲು ತಗಡಿನ ಶೀಲ್ಡ್. ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಹೊಳೆಯುವ ಅಲ್ಯೂಮಿನಿಯಂ ತಗಡು, ಎರಡೂ ಕಡೆ ಗಾಳಿಯಾಡುವಷ್ಟು ಸಂದು ಬಿಟ್ಟು. ಕೆಂಪಗೆ ಕಾದ ಲೋಹದಿಂದ ಬರುವ ಕಾವಿನ ಬಹುಪಾಲು ಕಿರಣಗಳ ರೂಪದ್ದು. ಒಂದೇ ತಗಡು ಅದನ್ನು ಅರ್ಧಕ್ಕಿಂತ ಕಡಿಮೆ ಮಾಡಬಲ್ಲದು. ಕಂಪನಿಯೇ ಕೊಟ್ಟಿದ್ದ ಶೀಲ್ಡನ್ನು ಯಾವುದೋ ರಿಪೇರಿಯಲ್ಲಿ ಬಿಚ್ಚಿ ಮೂಲೆಗೆಸೆದ ಗಾಡಿಗಳು ಬೇಕಷ್ಟಿವೆ. ಜೊತೆಗೆ ಕಾರ್ಬುರೇಟರಿನ ಅಡಿಗೆ ದಪ್ಪ ಬೇಕಲೈಟ್ ಪ್ಯಾಕಿಂಗ್, ಪೆಟ್ರೋಲ್ ಪೈಪನ್ನು ಮ್ಯಾನಿಫೋಲ್ಡಿನಿಂದ ದೂರ ಸರಿಸುವುದು. ಬಹಳ ಗಾಡಿಗಳ ಕಾಯಿಲೆ ಇಷ್ಟಕ್ಕೇ ವಾಸಿಯಾಗುತ್ತದೆ.

ಆಮೇಲೂ ಬೇಕೆನಿಸಿದರೆ ಮ್ಯಾನಿಫೋಲ್ಡಿನಿಂದ ಇಳಿಯುವ ಮುಂದಿನ ಪೈಪಿಗೆ ಸುತ್ತಿ. ಪೈಪನ್ನು ಬಿಚ್ಚಿ, ತಂತಿ ಬ್ರಷ್‌ನಿಂದ ತುಕ್ಕು ತೆಗೆದು, ಹೆಚ್ಚು ಕಾವು ತಡೆಯುವ ಸಿಲಿಕೋನ್ ಪೇಂಟ್ ಹೊಡೆದು ಒಣಗಿಸಿ. 45 ಮಿ.ಮೀ. ವ್ಯಾಸದ ಪೈಪಿನ ಸುತ್ತಳತೆ 14 ಸೆಂಟಿಮೀಟರ್, 50 ಮಿ.ಮೀ. ಅಗಲದ ಪಟ್ಟಿಯನ್ನು 10 ಮಿ.ಮೀ. ಒಂದರ ಮೇಲೊಂದು ಬರುವಂತೆ ಸುತ್ತಿದರೆ ಒಂದು ಮೀಟರ್ ಪೈಪಿಗೆ 25 ಸುತ್ತು, ಅಂದರೆ ಮೂರೂವರೆ ಮೀಟರ್ ಪಟ್ಟಿ ಬೇಕು. ಎರಡು ಪದರ ಬೇಡ. ಕೆಳತುದಿಯಿಂದ ಶುರುಮಾಡಿ ಮೇಲಕ್ಕೆ ಸುತ್ತಬೇಕು, ಮಂಗಳೂರು ಹೆಂಚು ಹೊದಿಸಿದ ಹಾಗೆ ಮೇಲಿನದು ಕೆಳಗಿನದನ್ನು ಮುಚ್ಚುವಂತೆ. ಆಗ ನೀರು ಜಾರಿಹೋಗುತ್ತದೆ. ಪಟ್ಟಿಯನ್ನು ತುಸು ಒದ್ದೆ ಮಾಡಿಕೊಂಡರೆ ನೂಲು ಹಾರುವುದಿಲ್ಲ, ಬಿಗಿಯೂ ಬರುತ್ತದೆ. ತುದಿಗಳಿಗೆ ಸ್ಟೇನ್‌ಲೆಸ್ ಪಟ್ಟಿಯ ಕ್ಲಿಪ್. ಫ್ಲ್ಯಾಂಜ್, ನಟ್ಟು, ಜಾಯಿಂಟುಗಳನ್ನು ಬಿಟ್ಟು ಸುತ್ತಿ, ಇಲ್ಲದಿದ್ದರೆ ಮುಂದೆ ಬಿಚ್ಚುವ ಮೆಕ್ಯಾನಿಕ್ ನಿಮ್ಮನ್ನು ನೆನೆಯುತ್ತಾನೆ. ತುಂಬುತೋಳಿನ ಅಂಗಿ, ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಗಾಜಿನ ನೂಲು ಚರ್ಮಕ್ಕೆ ಹೊಕ್ಕರೆ ಎರಡು ದಿನ ತುರಿಕೆ.

ಮೊದಲ ಸಲ ಕಾದಾಗ ಹೊಗೆ, ವಾಸನೆ ಬರುತ್ತದೆ. ಶೆಡ್ಡಿನ ಹೊರಗೆ ಸ್ಟಾರ್ಟ್ ಮಾಡಿ. ಆಮೇಲೂ ಹೊಗೆ ನಿಲ್ಲದಿದ್ದರೆ ಅದು ಎಣ್ಣೆ. ಬಿ ಸೀರೀಸ್ ಎಂಜಿನ್ನಿನ ಟ್ಯಾಪೆಟ್ ಕವರುಗಳು ಮ್ಯಾನಿಫೋಲ್ಡಿನ ಹಿಂದೆಯೇ ಇವೆ, ಅವುಗಳ ಪ್ಯಾಕಿಂಗ್ ಸೋರುವುದು ಹಳೆಯ ರೋಗ. ಎಣ್ಣೆ ಕುಡಿದ ಪಟ್ಟಿ ದೀಪದ ಬತ್ತಿಯೇ ಆಗಿಬಿಡುತ್ತದೆ. ಸೋರಿಕೆ ಮೊದಲು ನಿಲ್ಲಿಸಿ, ಪಟ್ಟಿ ಆಮೇಲೆ.

ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಕೆಳತುದಿಯ ಕ್ಲಿಪ್ ಬಿಚ್ಚಿ ಎರಡು ಸುತ್ತು ಸಡಿಲಿಸಿ ಪೈಪನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಪದರ ಉದುರಿದರೆ ಪೂರ್ತಿ ಬಿಚ್ಚಿ ಎಸೆಯಿರಿ. ಹಳೆಯ ಗಾಡಿ ಕೊಂಡಾಗ ಅದರಲ್ಲಿ ಮೊದಲೇ ಸುತ್ತಿದ ಬೂದುಬಣ್ಣದ ಹಗ್ಗವೋ ಬಟ್ಟೆಯೋ ಇದ್ದರೆ ಮಾತ್ರ ಕೆರೆಯಲು ಹೋಗಬೇಡಿ: ಅದು ಆಸ್ಬೆಸ್ಟಾಸ್ ಇರಬಹುದು, ಅದರ ಒಣ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಚೆನ್ನಾಗಿ ನೀರು ಚಿಮುಕಿಸಿ, ಪೈಪಿನ ಸಮೇತ ಬಿಚ್ಚಿ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು ಹೊಸ ಪೈಪ್ ಹಾಕಿಸಿ.