ಮತವಿಲ್ಲದವರ ಸಲಹೆ: ಸಾನ್ ಫ್ರಾನ್ಸಿಸ್ಕೋ ನಗರದ ಯುವಜನ ಆಯೋಗ

ಪ್ರಜಾಪ್ರಭುತ್ವದಲ್ಲಿ ಆಳುವವರಿಗೂ ಪ್ರಜೆಗಳಿಗೂ ನಡುವಣ ಸಂಬಂಧವು ಮುಖ್ಯವಾಗಿ ಮತದಾನದಿಂದ ಏರ್ಪಡುತ್ತದೆ. ಮತದಾನದ ವಯಸ್ಸನ್ನು ಅಮೆರಿಕದ ಸಂಯುಕ್ತ ಸಂಸ್ಥಾನವು 1971ರಲ್ಲಿಯೂ ಭಾರತವು 1989ರಲ್ಲಿಯೂ 18ಕ್ಕೆ ಇಳಿಸಿದವು. ಆದರೂ ಹದಿನೆಂಟು ತುಂಬದವರು ಈ ಸಂಬಂಧದ ಹೊರಗೆಯೇ ಉಳಿದಿದ್ದಾರೆ. ಶಾಲೆ, ಆಟದ ಬಯಲು, ಬಸ್ಸಿನ ದರ ಮೊದಲಾದ, ಅವರ ದಿನಚರಿಯನ್ನೇ ರೂಪಿಸುವ ವಿಷಯಗಳಲ್ಲಿ ನಿರ್ಣಯಗಳು ಸಾಮಾನ್ಯವಾಗಿ ಅವರನ್ನು ಕೇಳದೆಯೇ ಆಗುತ್ತವೆ. ಈ ಕೊರತೆಯನ್ನು ಸಲಹಾಮಂಡಲಿಗಳಿಂದ ತುಂಬಬಹುದೆ, ತುಂಬಬಹುದಾದರೆ ಎಷ್ಟರ ಮಟ್ಟಿಗೆ ಎಂಬುದನ್ನು ಒಂದು ನಗರದ ಅನುಭವದ ಆಧಾರದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕ್ಯಾಲಿಫೋರ್ನಿಯಾ ಸಂಸ್ಥಾನದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ 1995ರ ನವೆಂಬರಿನಲ್ಲಿ ಮತದಾರರು ನಗರದ ಸನ್ನದಿಗೆ ತಿದ್ದುಪಡಿಯೊಂದನ್ನು ಅಂಗೀಕರಿಸಿ, ಯುವಜನ ಆಯೋಗವೊಂದನ್ನು ಸ್ಥಾಪಿಸಿದರು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಆಯೋಗವು ಹುಟ್ಟಿದ್ದು ಯಾವನೋ ಒಬ್ಬ ಮೇಯರನ ಅಪ್ಪಣೆಯಿಂದಲ್ಲ, ಸನ್ನದಿನಿಂದ. ಒಬ್ಬನ ಅಪ್ಪಣೆಯನ್ನು ಅವನ ಅನಂತರ ಬಂದವನು ರದ್ದುಪಡಿಸಬಹುದು. ಸನ್ನದನ್ನು ಬದಲಾಯಿಸಬೇಕಾದರೆ ಮತ್ತೆ ಮತದಾರರ ಒಪ್ಪಿಗೆ ಬೇಕು.

ಆಯೋಗದ ಸದಸ್ಯರು 17 ಮಂದಿ. ನೇಮಕದ ಕಾಲಕ್ಕೆ ಅವರ ವಯಸ್ಸು 12ರಿಂದ 23ರ ಒಳಗಿರಬೇಕು. ಅವಧಿ ಒಂದು ವರ್ಷ. ನಗರದ ಶಾಸನಸಭೆಯೆನಿಸಿದ ಮೇಲ್ವಿಚಾರಕ ಮಂಡಲಿಯ 11 ಸದಸ್ಯರು ತಲಾ ಒಬ್ಬರನ್ನು ನೇಮಿಸುತ್ತಾರೆ. ಮೇಯರು ಒಬ್ಬರನ್ನು ನೇಮಿಸುವುದಲ್ಲದೆ, ಪ್ರಾತಿನಿಧ್ಯ ಸಾಲದ ಸಮುದಾಯಗಳಿಂದ ಇನ್ನೂ ಐವರನ್ನು ಆರಿಸುತ್ತಾರೆ. ಈ ಕೊನೆಯ ಏರ್ಪಾಡಿಗೆ ವಿಶೇಷ ಮಹತ್ವವುಂಟು. ಇಂಥ ಅವಕಾಶಗಳು ಎಲ್ಲಿಯೇ ಇರಲಿ, ಮಾತುಗಾರಿಕೆಯಲ್ಲಿ ಪಳಗಿದ, ಅನುಕೂಲಸ್ಥರ ಮನೆಯ ಮಕ್ಕಳಿಗೆ ಸುಲಭವಾಗಿ ದೊರೆಯುತ್ತವೆ. ತಾವಾಗಿಯೇ ಬಡವರ ಮನೆಯ ಬಾಗಿಲಿಗೆ ಹೋಗುವುದಿಲ್ಲ.

ಆಯೋಗಕ್ಕೆ ಶಾಸನ ಮಾಡುವ ಅಧಿಕಾರವಿಲ್ಲ. ಅದರ ಸಲಹೆ ಯಾರನ್ನೂ ಕಟ್ಟುವುದೂ ಇಲ್ಲ. ಹಾಗಾದರೆ ಅದರ ಬಲವೆಲ್ಲಿದೆ? ಮಕ್ಕಳಿಗೂ ಯುವಜನರಿಗೂ ಮುಖ್ಯವಾಗಿ ಸಂಬಂಧಪಟ್ಟ ಪ್ರಸ್ತಾವವು ಮಂಡಲಿಯ ಮುಂದೆ ಬಂದಾಗ ಅದನ್ನು ಆಯೋಗದ ಅಭಿಪ್ರಾಯಕ್ಕೆ ಕಳುಹಿಸಲೇಬೇಕು ಎಂಬುದು ಸನ್ನದಿನ ವಿಧಿ. ಉತ್ತರಕ್ಕೆ 12 ದಿನಗಳ ಅವಕಾಶವಿದೆ. ಕೇಳುವುದು ದೊಡ್ಡವರ ಔದಾರ್ಯಕ್ಕೆ ಬಿಟ್ಟ ಮಾತಾಗದೆ ಅವರ ಕರ್ತವ್ಯವಾಗಿದೆ. ಆಯೋಗದ ನಿಜವಾದ ಬಲ ಇದೇ ಎಂದು ನಮ್ಮ ಅಭಿಪ್ರಾಯ.

ಫಲವೇನೆಂಬುದಕ್ಕೆ ಒಂದು ನಿದರ್ಶನ ಸಾಕು. ನಗರದ ಬಸ್ಸುಗಳಲ್ಲಿ ಕಿರಿಯರಿಗೆ ಉಚಿತ ಪ್ರಯಾಣ ದೊರೆಯಬೇಕೆಂದು ಆಯೋಗವೂ ಯುವಜನರ ಸಂಘಗಳೂ ಒತ್ತಾಯಿಸಿದವು. 2013ರಲ್ಲಿ ಕಡಮೆ ವರಮಾನದ ಕುಟುಂಬಗಳ ಮಕ್ಕಳಿಗೆ ಪ್ರಯೋಗರೂಪವಾಗಿ ಈ ಸೌಕರ್ಯ ದೊರೆಯಿತು. 2021ರಲ್ಲಿ ಹದಿನೆಂಟು ಮತ್ತು ಅದಕ್ಕಿಂತ ಕಡಮೆ ವಯಸ್ಸಿನ ಎಲ್ಲರಿಗೂ ವಿಸ್ತರಿಸಿತು. ಇದು ಆಯೋಗವೊಂದರಿಂದಲೇ ಆದುದೆಂದು ಹೇಳಲಾಗದು. ಆದರೆ ಶಾಲೆಗೆ ಹೋಗಲು ಬಸ್ಸಿನ ಹಣವಿಲ್ಲದವರ ಕಷ್ಟವನ್ನು ಅದೇ ವಯಸ್ಸಿನವರು ಅಧಿಕೃತ ಪೀಠದಿಂದ ಹೇಳಿದರೆಂಬುದು ಸಣ್ಣ ಸಂಗತಿಯಲ್ಲ.

ಮಿತಿಯೂ ಅಷ್ಟೇ ಸ್ಪಷ್ಟವಾಗಿದೆ. ನಗರದ ಚುನಾವಣೆಗಳಲ್ಲಿ 16 ವರ್ಷದವರಿಗೆ ಮತಾಧಿಕಾರ ಕೊಡಬೇಕೆಂಬ ಸೂಚನೆ 2016ರಲ್ಲಿಯೂ 2020ರಲ್ಲಿಯೂ ಮತದಾರರ ಮುಂದೆ ಬಂದು, ಎರಡು ಸಲವೂ ಅಲ್ಪ ಅಂತರದಿಂದ ಬಿದ್ದುಹೋಯಿತು. ಕಿರಿಯರ ಸಲಹೆಯನ್ನು ಸ್ವಾಗತಿಸಿದ ನಗರವೇ ಅವರ ಮತವನ್ನು ಒಪ್ಪಲಿಲ್ಲ. ಸಲಹೆಯು ಮತಾಧಿಕಾರಕ್ಕೆ ಮೆಟ್ಟಿಲಾಗಬಹುದು, ಇಲ್ಲವೆ ಅದನ್ನು ಮುಂದಕ್ಕೆ ಹಾಕಲು ನೆವವೂ ಆಗಬಹುದು. ಎರಡರಲ್ಲಿ ಯಾವುದಾಗುವುದೆಂಬುದನ್ನು ಚರಿತ್ರೆಯು ಇನ್ನೂ ನಿರ್ಣಯಿಸಿಲ್ಲ.

ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯಕ್ಕೆ ತಕ್ಕ ಬೆಲೆ ಕೊಡಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಭಾರತವು 1992ರಲ್ಲಿ ಅದನ್ನು ಒಪ್ಪಿತು. ಅಮೆರಿಕವು ಇಂದಿಗೂ ಸ್ಥಿರೀಕರಿಸಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿಯೂ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಅವುಗಳನ್ನು ಅಭ್ಯಸಿಸುವ ವಿದ್ಯಾರ್ಥಿಯು ಎಷ್ಟು ಮಕ್ಕಳು ಸೇರಿದರೆಂದು ಲೆಕ್ಕಹಾಕಿದರೆ ಸಾಲದು. ಅವರ ಮಾತಿಗೆ ಉತ್ತರ ಕೊಡಬೇಕಾದವರು ಯಾರು, ಎಷ್ಟು ದಿನದೊಳಗೆ, ಕೊಡದಿದ್ದರೆ ಏನು ಎಂದು ಕೇಳಬೇಕು. ಸಭೆಯ ಸಾರ್ಥಕತೆ ಈ ಮೂರು ಪ್ರಶ್ನೆಗಳ ಉತ್ತರದಲ್ಲಿದೆ.