ಸಿಸ್ಟರ್ ಮನೆಗೆ ಹೋದ ಮೇಲೆ ವಾರ್ಡು ಯಾರದು?

ಜಿಲ್ಲಾಸ್ಪತ್ರೆಗೆ ಮಂತ್ರಿಗಳು ಬರುತ್ತಾರೆ ಅಂದರೆ ಹಿಂದಿನ ದಿನವೇ ಫಿನಾಯಿಲ್ ವಾಸನೆ ಗೇಟಿನ ತನಕ ಬರುತ್ತದೆ. ಮಂಚ ಮಂಚಕ್ಕೂ ಹೊಸ ಚಾದರ. ಕಾರು ಅತ್ತ ಹೋಯಿತೋ ಇಲ್ಲವೋ, ಚಾದರ ಇತ್ತ ಬೀರು ಸೇರಿತು. ಇದನ್ನೇ ಆಡಳಿತ ಅನ್ನುವವರು ಅನ್ನಲಿ. ವಾರ್ಡಿನ ಯಜಮಾನಿಕೆ ಹೇಗಿದೆ ಅಂತ ತಿಳಿಯಬೇಕಾದರೆ ರಾತ್ರಿ 8 ಗಂಟೆಗೆ, ಪಾಳಿ ಬದಲಾಗುವ ಹೊತ್ತಿಗೆ ಹೋಗಿ ನೋಡಬೇಕು.

ಹೆರಿಗೆ ವಾರ್ಡನ್ನೇ ತಗೊಳ್ಳಿ. ಏಳೂವರೆಗೆ ಹೆರಿಗೆಯಾಯಿತು ಅನ್ನಿ. ಮಗು ಅತ್ತಿತು, ಅಜ್ಜಿ ಸಕ್ಕರೆ ಹಂಚಿದಳು. ಆದರೆ ತಾಯಿಯ ಗಂಡಾಂತರ ಕಳೆದಿಲ್ಲ. ಮೊದಲ 2 ಗಂಟೆ ಕಾಲು ಗಂಟೆಗೊಮ್ಮೆ ನಾಡಿ, ಬಿ.ಪಿ. ನೋಡಬೇಕು. ಗರ್ಭಕೋಶ ಗಟ್ಟಿಯಾಗಿದೆಯೇ, ರಕ್ತ ಎಷ್ಟು ಹೋಗುತ್ತಿದೆ ಅಂತ ನೋಡಬೇಕು. ಅರ್ಧ ಲೀಟರ್ ದಾಟಿತೆಂದರೆ ಅದು ಅತಿ ರಕ್ತಸ್ರಾವ. ಈ 2 ಗಂಟೆಯ ನಡುವೆಯೇ ಗಡಿಯಾರ ಎಂಟು ಹೊಡೆಯುತ್ತದೆ. ಒಬ್ಬ ಸಿಸ್ಟರ್ ಬ್ಯಾಗು ಹೆಗಲಿಗೇರಿಸುತ್ತಾರೆ, ಇನ್ನೊಬ್ಬರು ಇನ್ನೂ ಬಸ್ ಇಳಿಯುತ್ತಿರುತ್ತಾರೆ.

“ಸಿಸ್ಟರ್, ಮಗಳಿಗೆ ಯಾಕೋ ತಲೆ ಸುತ್ತುತ್ತಂತೆ.”

“ನನ್ನ ಡ್ಯೂಟಿ ಮುಗೀತಮ್ಮಾ, ಈಗ ಬರೋರನ್ನ ಕೇಳಿ.”

ಮಾತು ಇಷ್ಟೇ. ಒಂದು ಜೀವ ಹೋಗೋದಕ್ಕೆ ಇಷ್ಟೇ ಸಾಕು.

ಆ ಸಿಸ್ಟರನ್ನು ಬೈದು ಪ್ರಯೋಜನವಿಲ್ಲ. ಪಾಳಿ ಬದಲಾಗುವಾಗ ರೋಗಿ ಯಾರ ಕೈಯಲ್ಲಿರಬೇಕು ಅಂತ ಮೊದಲೇ ಗೊತ್ತು ಮಾಡಬೇಕಾದವರು ವಾರ್ಡಿನ ಮುಖ್ಯಸ್ಥೆ. 1854ರಲ್ಲಿ 38 ಮಂದಿ ದಾದಿಯರೊಂದಿಗೆ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಹೊರಟ ಫ್ಲಾರೆನ್ಸ್ ನೈಟಿಂಗೇಲ್, 1859ರ ತನ್ನ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಇದಕ್ಕೇ ಒಂದು ಅಧ್ಯಾಯ ಮೀಸಲಿಟ್ಟಳು. ತಾನಿದ್ದಾಗ ನಡೆಯುವ ಕೆಲಸ ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡುವುದೇ ಯಜಮಾನಿಕೆ ಎಂಬುದು ಆಕೆಯ ಪಾಠ. ಮೇ 12 ಬಂತೆಂದರೆ ಆಕೆಯ ಫೋಟೋಗೆ ಹಾರ ಹಾಕುತ್ತೇವೆ, ಪಾಠ ಮರೆಯುತ್ತೇವೆ.

ಏರ್ಪಾಡು ಅಂದರೆ ದೊಡ್ಡ ವಿದ್ಯೆಯೇನಲ್ಲ. ಹೋಗುವವರು, ಬರುವವರು ಇಬ್ಬರೂ ಮಂಚದ ಪಕ್ಕ ನಿಂತು ಚಾರ್ಜು ಕೊಟ್ಟು ತಗೊಳ್ಳಬೇಕು. ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟಿದೆ, ಮುಂದಿನದು ಯಾವಾಗ, ಯಾರ ಮೇಲೆ ಕಣ್ಣಿಡಬೇಕು ಅಂತ ಬಾಯಲ್ಲಿ ಹೇಳಿ ಪುಸ್ತಕದಲ್ಲೂ ಬರೆಯಬೇಕು. ಬರುವವರು ಬರುವ ತನಕ ಹೋಗುವವರು ಕದಲಬಾರದು.

ಎರಡನೆಯದು ಡ್ಯೂಟಿ ಪಟ್ಟಿ. ಹೂಂಗುಟ್ಟುವವರಿಗೆ ಬೆಳಗಿನ ಪಾಳಿ, ಎದುರು ಮಾತಾಡಿದವರಿಗೆ ಸಾಲು ಸಾಲು ರಾತ್ರಿ ಅಂತಾದರೆ ಆ ವಾರ್ಡಿನಲ್ಲಿ ಮನಸ್ಸಿಟ್ಟು ದುಡಿಯುವವರು ಯಾರು? ಪಟ್ಟಿ ಮುಂಚೆಯೇ ಗೋಡೆಗೆ ಬರಲಿ, ರಾತ್ರಿ ಪಾಳಿ ಎಲ್ಲರಿಗೂ ಸರದಿಯಂತೆ ಬೀಳಲಿ.

ಮೂರನೆಯದು ತಪ್ಪಿನ ವಿಚಾರ. ಹತ್ತು ಜನರ ಮುಂದೆ ಗದರಿಸಿದರೆ ಹುಡುಗಿ ಮುಂದಿನ ತಪ್ಪನ್ನು ಬಚ್ಚಿಡುತ್ತಾಳೆ. ಇಂಜೆಕ್ಷನ್ ಹೆಚ್ಚುಕಮ್ಮಿಯಾದದ್ದನ್ನು ಬಚ್ಚಿಟ್ಟರೆ ಅನುಭವಿಸುವವನು ರೋಗಿ. “ಏನಾಯ್ತು ಹೇಳಮ್ಮ, ಮೊದಲು ಪೇಷೆಂಟನ್ನ ನೋಡೋಣ” ಅನ್ನುವ ಮೇಡಂ ಇದ್ದಲ್ಲಿ ತಪ್ಪು ಬೇಗ ಹೊರಗೆ ಬರುತ್ತದೆ.

ಇಷ್ಟೆಲ್ಲ ಹೇಳುವಾಗ ಸರ್ಕಾರವನ್ನು ಬಿಟ್ಟರೆ ಅನ್ಯಾಯವಾದೀತು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗೆ ಒಬ್ಬ ನರ್ಸ್. ಇಡೀ ವಾರ್ಡನ್ನು ಒಬ್ಬಳ ತಲೆಗೆ ಕಟ್ಟಿದರೆ ಯಾವ ಏರ್ಪಾಡೂ ನಿಲ್ಲದು. ಆ ಕೊರತೆಯನ್ನು ನುಂಗಿಕೊಂಡು ಕೆಳಗಿನವರನ್ನು ದುಡಿಸುವುದಲ್ಲ, ತಾರೀಖು ಹಾಕಿ ಮೇಲಕ್ಕೆ ಬರೆಯುವುದೂ ಮುಖ್ಯಸ್ಥೆಯ ಕೆಲಸವೇ.

ಓದುಗರೇ, ನಿಮ್ಮವರು ವಾರ್ಡಿನಲ್ಲಿದ್ದರೆ ಪಾಳಿ ಬದಲಾಗುವ ಹೊತ್ತಿಗೆ ಜಗಳಕ್ಕೆ ನಿಲ್ಲಬೇಡಿ, ಮರ್ಯಾದೆಯಿಂದ ಒಂದೇ ಪ್ರಶ್ನೆ ಕೇಳಿ: “ಸಿಸ್ಟರ್, ಮುಂದಿನ ಸಲ ನೋಡೋದು ಎಷ್ಟು ಹೊತ್ತಿಗೆ, ಯಾರು?” ತಟ್ಟನೆ ಉತ್ತರ ಬಂದರೆ ಆ ವಾರ್ಡಿಗೆ ಯಜಮಾನಿ ಇದ್ದಾಳೆ ಅಂತ ಅರ್ಥ.