ಅತ್ತಿಮರದ ಒಕ್ಕಲು

ಹಳ್ಳಗಳ ದಂಡೆಯಲ್ಲಿ, ಕೆರೆಯ ಏರಿಯ ಕೆಳಗೆ, ಹಳೆಯ ಬಾವಿಗಳ ಮಗ್ಗುಲಲ್ಲಿ ತಾನಾಗಿ ಬೆಳೆಯುವ ಅತ್ತಿಯು ಮರಮುಟ್ಟಿನ ಲೆಕ್ಕದಲ್ಲಿ ಹೆಚ್ಚು ಬೆಲೆ ಬಾಳುವಂಥದ್ದಲ್ಲ. ಅದರ ಕಟ್ಟಿಗೆ ಮೆದು, ಬಾಳಿಕೆ ಕಡಿಮೆ. ಆದರೆ ಎಷ್ಟು ಜೀವಿಗಳು ಆಶ್ರಯಿಸಿ ಬದುಕುತ್ತವೆ ಎಂಬ ಲೆಕ್ಕ ಹಿಡಿದರೆ ಅತ್ತಿಗೂ ಅದರ ಬಳಗದ ಆಲ, ಅರಳಿ, ಬಸರಿ, ಗೋಣಿ ಮರಗಳಿಗೂ ಸರಿಸಾಟಿಯಾದವು ಕರ್ನಾಟಕದಲ್ಲಿ ವಿರಳ. ಸಸ್ಯಶಾಸ್ತ್ರವು ಇವನ್ನೆಲ್ಲ ಫೈಕಸ್ ಎಂಬ ಒಂದೇ ಕುಲಕ್ಕೆ, ಎಂದರೆ ಹತ್ತಿರದ ನಂಟಿರುವ ಜಾತಿಗಳ ಒಂದೇ ಗುಂಪಿಗೆ ಸೇರಿಸುತ್ತದೆ. ಜಗತ್ತಿನಲ್ಲಿ ಈ ಕುಲದ 750ಕ್ಕೂ ಹೆಚ್ಚು ಜಾತಿಗಳಿವೆ.

ಅತ್ತಿಯಲ್ಲಿ ಹೂವು ಹೊರಗೆ ಕಾಣಿಸುವುದಿಲ್ಲ. ಕಾಂಡದ ಮೇಲೆ ಗೊಂಚಲು ಗೊಂಚಲಾಗಿ ಕಟ್ಟುವ ಎಳೆಗಾಯಿಯು ಒಳಮುಖವಾಗಿ ಮಡಿಚಿಕೊಂಡು ಚೆಂಡಿನಾಕಾರ ತಾಳಿದ ಹೂಗೊಂಚಲು. ಸಾವಿರಾರು ಸಣ್ಣ ಹೂಗಳು ಅದರ ಒಳಗೋಡೆಗೆ ಅಂಟಿಕೊಂಡಿರುತ್ತವೆ, ಹೊರಗಿನಿಂದ ಒಳಹೋಗಲು ತುದಿಯಲ್ಲಿ ಒಂದೇ ಒಂದು ಕಿರಿದಾದ ದ್ವಾರವಿರುತ್ತದೆ. ಒಳಗಿನ ಹೆಣ್ಣುಹೂಗಳು ಪಕ್ವವಾದಾಗ ಕಾಯಿ ಸೂಸುವ ಪರಿಮಳವನ್ನು ಹಿಡಿದು, ಎರಡು ಮಿಲಿಮೀಟರ್ ಆಸುಪಾಸಿನ ಹೆಣ್ಣು ಕಣಜವೊಂದು ಹುಡುಕಿಕೊಂಡು ಬಂದು, ಒಂದರ ಮೇಲೊಂದು ಹೊದ್ದುಕೊಂಡ ಹುರುಪೆಗಳ ನಡುವೆ ತೂರಿಕೊಂಡು ಒಳಗೆ ಇಳಿಯುತ್ತದೆ. ಆ ದಾರಿ ಎಷ್ಟು ಇಕ್ಕಟ್ಟೆಂದರೆ ಕಣಜದ ರೆಕ್ಕೆಗಳು ಅಲ್ಲೇ ಹರಿದುಹೋಗುತ್ತವೆ. ತಾನು ಹುಟ್ಟಿದ ಕಾಯಿಯಿಂದ ಎದೆಯ ಪುಟ್ಟ ಚೀಲಗಳಲ್ಲಿ ತುಂಬಿ ತಂದ ಪರಾಗವನ್ನು ಅದು ಹೂಗಳಿಗೆ ಸವರುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆಯಿಡುತ್ತದೆ, ಆಮೇಲೆ ಅಲ್ಲಿಯೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂವು ಮರಿಹುಳುವಿಗೆ ಆಹಾರವಾಗುತ್ತದೆ, ಪರಾಗವಷ್ಟೇ ತಗುಲಿದ ಹೂವು ಬೀಜವಾಗುತ್ತದೆ. ಕೆಲವು ವಾರಗಳ ನಂತರ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು ಹೆಣ್ಣುಗಳೊಡನೆ ಕೂಡಿ, ಕಾಯಿಯ ಗೋಡೆಯನ್ನು ಕೊರೆದು ದಾರಿ ಮಾಡಿಕೊಟ್ಟು ಸಾಯುತ್ತವೆ. ಅಷ್ಟರಲ್ಲಿ ಬಲಿತ ಗಂಡುಹೂಗಳಿಂದ ಪರಾಗ ತುಂಬಿಕೊಂಡ ಹೆಣ್ಣುಗಳು ಆ ದಾರಿಯಲ್ಲಿ ಹಾರಿಹೋಗುತ್ತವೆ. ಹೊರಗೆ ಅವುಗಳ ಆಯುಸ್ಸು ಒಂದೆರಡು ದಿನ ಮಾತ್ರ.

ಆಲಕ್ಕೆ ಒಂದು ಕಣಜ, ಅರಳಿಗೆ ಇನ್ನೊಂದು, ಅತ್ತಿಗೆ ಮತ್ತೊಂದು ಎಂಬಂತೆ ಬಹುಮಟ್ಟಿಗೆ ಪ್ರತಿಯೊಂದು ಜಾತಿಗೂ ತನ್ನದೇ ಆದ ಪರಾಗವಾಹಕ ಕಣಜವಿದೆ. ಈ ಕುಲದ ಮರಗಳನ್ನು ಅಲಂಕಾರಕ್ಕೆಂದು ದೂರದೇಶಗಳಿಗೆ ಒಯ್ದು ಬೆಳೆಸಿದಾಗ, ಕಣಜವು ಹಿಂಬಾಲಿಸಿ ಹೋಗದ ಕಡೆಗಳಲ್ಲಿ ಅವು ಮೊಳೆಯಬಲ್ಲ ಬೀಜ ಕೊಡಲಿಲ್ಲ. ಪರಾಗ ಹೊರದೆ, ಉದ್ದನೆಯ ಅಂಡನಾಳವನ್ನು ಹೊರಗಿನಿಂದಲೇ ಕಾಯಿಯೊಳಕ್ಕೆ ಚುಚ್ಚಿ ಮೊಟ್ಟೆಯಿಡುವ ಬೇರೆ ಕಣಜಗಳೂ ಇವೆ. ಈ ಬಗೆಬಗೆಯ ಕಣಜಗಳನ್ನು ಹಿಡಿದು ತಿನ್ನಲು ಇರುವೆಗಳು ಕಾಯಿಗಳ ಮೇಲೆಯೇ ಠಳಾಯಿಸುತ್ತಿರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅತ್ತಿ, ಕಣಜ ಮತ್ತು ಇರುವೆಗಳ ಈ ವ್ಯವಹಾರವನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಒಂದು ಅತ್ತಿಕಾಯಿಯನ್ನು ಸೀಳಿದಾಗ ಕಾಣುವ ಹುಳುಗಳು ಹಣ್ಣು ಕೆಟ್ಟಿತೆಂಬುದರ ಗುರುತಲ್ಲ. ಅವಿಲ್ಲದೆ ಆ ಮರಕ್ಕೆ ಸಂತಾನವೇ ಇಲ್ಲ.

ಇಷ್ಟು ಕಡಿಮೆ ಆಯುಸ್ಸಿನ ಕಣಜ ಉಳಿಯಬೇಕಾದರೆ ಅದು ಹೊರಬಂದ ಹೊತ್ತಿಗೆ ಸುತ್ತಮುತ್ತ ಎಲ್ಲಾದರೂ ಅದೇ ಜಾತಿಯ ಇನ್ನೊಂದು ಮರ ಎಳೆಗಾಯಿ ಬಿಟ್ಟಿರಬೇಕು. ಆದುದರಿಂದ ಈ ಮರಗಳು ಮಾವು, ನೇರಳೆಗಳಂತೆ ಒಂದೇ ಹಂಗಾಮಿನಲ್ಲಿ ಫಲ ಬಿಡದೆ, ಒಂದೊಂದು ಮರ ಒಂದೊಂದು ಕಾಲಕ್ಕೆ ಫಲ ಬಿಡುತ್ತವೆ. ಕಣಜಕ್ಕಾಗಿ ಬೆಳೆದುಬಂದ ಈ ಪದ್ಧತಿಯ ಲಾಭ ಕಾಡಿನ ಇತರ ಪ್ರಾಣಿಗಳಿಗೂ ದೊರೆಯುತ್ತದೆ: ಉಳಿದ ಮರಗಳಲ್ಲಿ ಹಣ್ಣಿಲ್ಲದ ದಿನಗಳಲ್ಲಿಯೂ ಯಾವುದೋ ಒಂದು ಆಲ ಅಥವಾ ಬಸರಿ ಹಣ್ಣು ತುಂಬಿಕೊಂಡು ನಿಂತಿರುತ್ತದೆ. ಪರಿಸರ ವಿಜ್ಞಾನವು ಇಂಥ ಜಾತಿಗಳನ್ನು ಆಧಾರ ಪ್ರಭೇದಗಳೆಂದು ಗುರುತಿಸುತ್ತದೆ, ಎಂದರೆ ಸಂಖ್ಯೆಯಲ್ಲಿ ಕಡಿಮೆಯಿದ್ದರೂ ತೆಗೆದುಹಾಕಿದರೆ ಹಲವು ಜೀವಿಗಳ ಬದುಕು ಕುಸಿಯುವಂಥವು. ಹಣ್ಣು ತುಂಬಿದ ಮರದಲ್ಲಿ ಹಗಲು ಕುಟ್ರುಹಕ್ಕಿ, ಕೋಗಿಲೆ, ಗೊರವಂಕ, ಪಿಕಳಾರ, ಹಸಿರು ಪಾರಿವಾಳಗಳು, ರಾತ್ರಿ ಬಾವಲಿಗಳು; ಮಲೆನಾಡಿನಲ್ಲಾದರೆ ಕೆಂದಳಿಲು, ಸಿಂಗಳೀಕ, ಮಂಗಟ್ಟೆಗಳು ಕೂಡ. ಉದುರಿದ ಹಣ್ಣಿಗೆ ಜಿಂಕೆಗಳು ಬರುತ್ತವೆ.

ಹಣ್ಣಿನಷ್ಟೇ ಎಲೆಯೂ ಮುಖ್ಯ. ಗಿಡಮರಗಳು ಕೀಟಗಳಿಂದ ಪಾರಾಗಲು ಎಲೆಯಲ್ಲಿ ಕಹಿಯನ್ನೋ ವಿಷವನ್ನೋ ಹಾಲನ್ನೋ ತುಂಬಿಕೊಳ್ಳುತ್ತವೆ, ಲಕ್ಷಾಂತರ ವರ್ಷಗಳ ಒಡನಾಟವಿರುವ ಕೆಲವು ಕೀಟಗಳು ಮಾತ್ರ ಅದನ್ನು ಜೀರ್ಣಿಸಿಕೊಳ್ಳುವುದನ್ನು ರೂಢಿಸಿಕೊಂಡಿರುತ್ತವೆ. ಆಲ, ಅರಳಿ, ಕಣಗಿಲೆಗಳಂಥ ಹಾಲುಗಿಡಗಳ ಎಲೆ ತಿಂದು ಬೆಳೆಯುವ ಕಂದು ಚಿಟ್ಟೆಯ ಕೋಶವು ಎಲೆಯಡಿಯಲ್ಲಿ ಬೆಳ್ಳಿಯ ಜುಮುಕಿಯಂತೆ ಹೊಳೆಯುತ್ತ ನೇತಾಡುವುದನ್ನು ಊರೊಳಗಿನ ಮರಗಳಲ್ಲಿಯೂ ನೋಡಬಹುದು. ಕಾಳು, ಹಣ್ಣು ತಿಂದು ಬದುಕುವ ಸಣ್ಣ ಹಕ್ಕಿಗಳಲ್ಲಿಯೂ ಬಹುಪಾಲು ತಮ್ಮ ಮರಿಗಳಿಗೆ ಉಣಿಸುವುದು ಮೆತ್ತನೆಯ ಹುಳುಗಳನ್ನೇ. ಹುಳು ತಿನ್ನದ ಎಲೆಯ ಮರದಲ್ಲಿ ಆ ಮರಿಗಳಿಗೆ ಊಟವಿಲ್ಲ.

ನೀಲಗಿರಿ ತೋಪಿನ ಮೌನಕ್ಕೆ ಕಾರಣ ಇಲ್ಲಿದೆ. ಆಸ್ಟ್ರೇಲಿಯಾದಲ್ಲಿ ನೀಲಗಿರಿಯೂ ದೇಸಿ ಮರವೇ, ಕೋಲಾ ಎಂಬ ಪ್ರಾಣಿ ಅದರ ಎಲೆಯನ್ನೇ ನೆಚ್ಚಿ ಬದುಕುತ್ತದೆ. ಕರ್ನಾಟಕದಲ್ಲಿ ಅದರ ಹೂವಿನ ಮಕರಂದಕ್ಕೆ ಜೇನುಗಳು ಬರುವುದು ನಿಜವಾದರೂ, ತೈಲ ತುಂಬಿದ ಆ ಎಲೆಯನ್ನು ತಿನ್ನಬಲ್ಲ ಕೀಟಗಳು ಬಹಳ ಕಡಿಮೆ, ಹಕ್ಕಿಗಳಿಗೆ ತಿನ್ನಲು ಹಣ್ಣೂ ಇಲ್ಲ. ಪೊಟರೆ ಮೂಡುವಷ್ಟು ವಯಸ್ಸಾಗುವ ಮೊದಲೇ ಮರ ಕಟಾವಿಗೆ ಬರುತ್ತದೆ. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿದಾಗ ಚರ್ಚೆಯೆಲ್ಲ ಅಂತರ್ಜಲದ ಸುತ್ತ ನಡೆಯಿತು. ಹಕ್ಕಿ ಕೀಟಗಳ ಈ ನಷ್ಟವನ್ನು ಅದರಷ್ಟೇ ಗಂಭೀರವಾಗಿ ಪರಿಗಣಿಸಬೇಕಿತ್ತು.

ಪೊಟರೆಯ ವಿಷಯ ಬೇರೆಯಾಗಿಯೇ ಹೇಳಬೇಕಾದದ್ದು. ಪಶ್ಚಿಮ ಘಟ್ಟದ ದೊಡ್ಡ ಮಂಗಟ್ಟೆಗೆ, ಎಂದರೆ ಹಾರ್ನ್‌ಬಿಲ್ ಹಕ್ಕಿಗೆ, ಮರ ಕೊರೆಯುವ ಶಕ್ತಿಯಿಲ್ಲ. ಕೊಂಬೆ ಮುರಿದ ಜಾಗ ಕೊಳೆತು ತಾನಾಗಿ ಉಂಟಾದ ಪೊಟರೆಯೊಳಗೆ ಹೆಣ್ಣು ಸೇರಿಕೊಂಡು, ತನ್ನ ಹಿಕ್ಕೆ ಮುಂತಾದವುಗಳಿಂದ ಬಾಯಿಯನ್ನು ಮೆತ್ತಿ ಮುಚ್ಚಿ, ಕೊಕ್ಕು ಹಿಡಿಸುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮುಂದೆ ತಿಂಗಳುಗಟ್ಟಲೆ ಗಂಡು ಆ ಸೀಳಿನ ಮೂಲಕ ಹಣ್ಣು ಒದಗಿಸಬೇಕು, ಅದರಲ್ಲಿ ಹೆಚ್ಚಿನ ಪಾಲು ಅತ್ತಿ ಬಳಗದ್ದು. ಹೀಗೆ ಈ ಹಕ್ಕಿಗೆ ಏಕಕಾಲಕ್ಕೆ ಎರಡು ಬಗೆಯ ಮರಗಳು ಬೇಕು: ಉಣ್ಣಲು ಫಲ ಬಿಡುವ ಆಲ, ಬಸರಿಗಳು, ವಾಸಕ್ಕೆ ತಾರೆ ಮರದಂಥ ಹಳೆಯ ಹೆಮ್ಮರ. ಕಾಳಿ ನದಿಯ ಕಣಿವೆಯಲ್ಲಿ 2011ರಲ್ಲಿ ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಘೋಷಿತವಾದಾಗ ಕಾಪಾಡಬೇಕಾಗಿದ್ದುದು ಈ ಜೋಡಿಯನ್ನೇ. ಬಯಲುಸೀಮೆಯ ಊರುಗಳಲ್ಲಿ ಕುಟ್ರುಹಕ್ಕಿ ಒಣಕೊಂಬೆಯನ್ನು ಕೊರೆದು ಗೂಡು ಮಾಡುತ್ತದೆ, ಅದು ಬಿಟ್ಟುಹೋದ ತೂತಿಗೆ ಬೇರೆ ಹಕ್ಕಿಗಳು ವಾರಸುದಾರರಾಗುತ್ತವೆ.

ವನಮಹೋತ್ಸವದ ವರದಿಗಳು ನೆಟ್ಟ ಸಸಿಗಳನ್ನು ಎಣಿಸುತ್ತವೆ, ಯಾವ ಜಾತಿಯವೆಂದು ವಿರಳವಾಗಿ ಹೇಳುತ್ತವೆ; ಕಡಿದ ಒಂದು ಹಳೆಯ ಆಲಕ್ಕೆ ಹತ್ತು ಸಸಿ ಎಂಬ ಪರಿಹಾರದ ಲೆಕ್ಕದಲ್ಲಿ ಪೊಟರೆಗೂ ಒಣಕೊಂಬೆಗೂ ಸ್ಥಾನವೇ ಇಲ್ಲ. ಹುಲಿಕಲ್ ಮತ್ತು ಕುದೂರಿನ ನಡುವೆ ಆಲದ ಸಾಲು ಬೆಳೆಸಿ 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕನವರ ಆಯ್ಕೆ ಈ ದೃಷ್ಟಿಯಿಂದ ಬಹಳ ಅರ್ಥಪೂರ್ಣವಾದದ್ದು, ಏಕೆಂದರೆ ಸಾಲಾಗಿ ನಿಂತ ಒಂದೇ ಜಾತಿಯ ಹಲವು ಮರಗಳು ಕಣಜಕ್ಕೆ ಒಂದರಿಂದ ಇನ್ನೊಂದಕ್ಕೆ ದಾಟುವ ಅವಕಾಶ ಕೊಡುತ್ತವೆ. ಆಲ, ಬಸರಿಗಳ ದಪ್ಪ ಗೂಟ ನೆಟ್ಟರೂ ಬೇರುಬಿಡುವುದರಿಂದ ಈ ಕೆಲಸಕ್ಕೆ ದೊಡ್ಡ ವೆಚ್ಚವೂ ಬೇಕಿಲ್ಲ. ಈಗಾಗಲೇ ಇರುವ ಮುದಿಮರಗಳ ಒಣಕೊಂಬೆಗಳನ್ನು, ಮನೆಗೂ ವಿದ್ಯುತ್ ತಂತಿಗೂ ದಾರಿಹೋಕರಿಗೂ ಅಪಾಯವಿಲ್ಲದ ಕಡೆಗಳಲ್ಲಿ, ಕತ್ತರಿಸದೆ ಹಾಗೆಯೇ ಬಿಡುವುದಕ್ಕೆ ಪಂಚಾಯಿತಿ, ನಗರಸಭೆಗಳ ಒಂದು ಸೂಚನೆ ಸಾಕು.